ಜೀವ ಕರೆಯುವ ಉಬಾಲ್ದಿನಾ

ಬೆಟ್ಟದ ಮೇಲಿನ ನಮ್ಮೂರು ಚಾಕಾಪಂಪದಲ್ಲಿ ಯಾರಾದರೂ ಬೆಚ್ಚಿಬಿದ್ದರೆ ಅವರ ಜೀವ ಬೆಚ್ಚಿದ ಜಾಗದಲ್ಲೇ ಉಳಿದುಬಿಡುತ್ತದೆ. ಮೈ ಮಾತ್ರ ಮನೆಗೆ ಬರುತ್ತದೆ. ಉಣ್ಣುವುದಿಲ್ಲ, ಮಾತಾಡುವುದಿಲ್ಲ, ಗೋಡೆ ನೋಡುತ್ತಾ ಕರಗುತ್ತದೆ. ಆಗ ಎಲ್ಲರೂ ಕಾಣಿಕೆಗೆಂದು ಒಂದು ಹಿಡಿ ಕೋಕಾ ಎಲೆ ಹಿಡಿದು ಓಡುತ್ತಿದ್ದುದು ಉಬಾಲ್ದಿನಾಳ ಮನೆಗೆ. ಕರೆಯಬಲ್ಲವಳು ಅವಳೊಬ್ಬಳೇ. ಹೊತ್ತು ಮುಳುಗುವಾಗ ರೋಗಿಯ ಟೋಪಿಯನ್ನೋ ಕಂಬಳಿಯನ್ನೋ ಹಿಡಿದು ಆ ಜಾಗಕ್ಕೆ ಹೋಗುವಳು. ಅದನ್ನು ಬೀಸುತ್ತಾ ಹೆಸರು ಹಿಡಿದು, ಮನೆಯಲ್ಲಿ ಏನೇನು ಕಾದಿದೆ ಎಂದು ಹೇಳಿ ಕೂಗಿ, ಹಿಂತಿರುಗಿ ನೋಡದೆ ಬಂದು ರೋಗಿಯ ಮೇಲೆ ಹೊದಿಸುವಳು.

ಬಾಯಿ ಮಾತ್ರ ಮೆಣಸಿನಕಾಯಿ. ಪಕ್ಕದ ಮನೆಯವಳಾದ ನಾನು ಸಾಕಷ್ಟು ಅನುಭವಿಸಿದ್ದೇನೆ. ಆದರೆ ಕೂಗುವ ವಿಷಯದಲ್ಲಿ ಅವಳದೊಂದು ಕಟ್ಟುನಿಟ್ಟು: ಮನೆಯಲ್ಲಿ ಇಲ್ಲದ್ದನ್ನು ಇದೆ ಎಂದು ಕೂಗುತ್ತಿರಲಿಲ್ಲ. ಹೊರಡುವ ಮುಂಚೆ ಆ ಮನೆಯ ಮಡಕೆಯ ಮುಚ್ಚಳ ತೆಗೆದು ನೋಡುತ್ತಿದ್ದಳು. ಮಗ ಬೆಚ್ಚಿಬಿದ್ದಾಗ ಕ್ಯಾಸಿಲ್ಡಾ ಎಂಬವಳು, "ಕೋಳಿ ಸಾರಿದೆ ಅಂತ ಕೂಗಕ್ಕಾ, ಆಸೆಗಾದ್ರೂ ಬರ್ಲಿ" ಅಂದಳು. ಮಡಕೆಯಲ್ಲಿದ್ದುದು ಬರೀ ಆಲೂಗಡ್ಡೆ.

"ಜೀವ ಏನು ಕುರುಡಾ? ಬಂದು ನೋಡಿ ಮತ್ತೆ ಹೊರಟ್ರೆ ನೀನೇ ಹೋಗಿ ಕರಿ" ಎಂದು ಒಲೆಯ ಮುಂದೆ ಕೂತ ಉಬಾಲ್ದಿನಾ, ಕ್ಯಾಸಿಲ್ಡಾ ಕೋಳಿ ಕೊಯ್ಯುವ ತನಕ ಏಳಲಿಲ್ಲ.

ಇಂಥವಳ ಗಂಡ ಮೆಲಿಟೋನ್. ಹೊರೆ ಹೊರುವ ಲಾಮಾ ಪ್ರಾಣಿಗಳ ಮೇಲೆ ಆಲೂಗಡ್ಡೆ ಹೇರಿಕೊಂಡು ಕೆಳಗಿನ ಕಣಿವೆಗೆ ಹೋದವನು ಅಲ್ಲೊಬ್ಬಳ ಜೊತೆ ಸಂಸಾರ ಹೂಡಿ, ತಲೆ ನರೆತ ಮೇಲೆ ವಾಪಸು ಬಂದ. ಉಬಾಲ್ದಿನಾ ಬೈಯಲಿಲ್ಲ, ಅದೇ ಆಶ್ಚರ್ಯ. ಊಟ ಹಾಕಿದಳು. ಹಾಸಿಗೆಯನ್ನು ಮಾತ್ರ ಬಿತ್ತನೆ ಆಲೂಗಡ್ಡೆ ಇಡುವ ತಣ್ಣನೆಯ ಕೋಣೆಯಲ್ಲಿ ಹಾಸಿದಳು. ಅವನು ಅಲ್ಲೇ ಮಲಗತೊಡಗಿದ.

"ಮೆಲಿಟೋನ್‌ಗೆ ಇನ್ನೇನು ಮೊಳಕೆ ಬರುತ್ತೆ ನೋಡ್ರೋ" ಎಂದು ಊರವರು ನಕ್ಕರು.

ಒಂದು ಮಳೆಗಾಲ ಅವನು ದಿಮ್ಮಿಯ ಸೇತುವೆಯಿಂದ ಹೊಳೆಗೆ ಬಿದ್ದ. ಎಳೆದು ತಂದರು. ಮೂಳೆ ಮುರಿದಿರಲಿಲ್ಲ, ಪಟ್ಟಣದ ಡಾಕ್ಟರೂ ಅದನ್ನೇ ಹೇಳಿ ಗುಳಿಗೆ ಕೊಟ್ಟರು. ಆದರೆ ಮಾತು ನಿಂತಿತು. ಊಟ ಬಿಟ್ಟ. ದಿನದಿಂದ ದಿನಕ್ಕೆ ಕಡ್ಡಿಯಾದ.

ಉಬಾಲ್ದಿನಾ ಅವನ ಟೋಪಿ ಹಿಡಿದು ಹೊಳೆಗೆ ಹೋದಳು. ನಾನೂ ಹಿಂದೆ ಹೋದೆ.

"ಮೆಲಿಟೋನ್, ಬಾ! ಅಲ್ಲಿರಬೇಡ, ಚಳಿ! ಮೆಕ್ಕೆಜೋಳ ಹುರಿದಿದ್ದೀನಿ, ಸಾರು ಕುದೀತಿದೆ, ಬಾ!"

ಅಲ್ಲಿಗೆ ನಿಲ್ಲಿಸಿದಳು. ಬೇರೆ ಎಲ್ಲರಿಗೂ ಕೊನೆಯಲ್ಲಿ ಕೂಗುವ ಮಾತೊಂದಿತ್ತು: ನಿನ್ನ ಹಾಸಿಗೆ ಬೆಚ್ಚಗಿದೆ, ನಿನ್ನವರ ಪಕ್ಕ ಜಾಗ ಇದೆ. ಅದು ಅವಳ ಬಾಯಿಂದ ಹೊರಡಲಿಲ್ಲ. ಟೋಪಿ ತಂದು ತಲೆಗಿಟ್ಟರೂ ಮೆಲಿಟೋನ್ ಕಣ್ಣು ಬಿಡಲಿಲ್ಲ. ಮರುದಿನವೂ ಅಷ್ಟೇ.

"ಒಂದು ಮಾತು ತಾನೇ ಅಕ್ಕಾ, ಕೂಗಿಬಿಡು. ಹೊಳೆಗೇನು ಗೊತ್ತಾಗುತ್ತೆ?" ಅಂದೆ.

"ಜೀವಕ್ಕೆ ಗೊತ್ತಾಗುತ್ತೆ ಕಣೆ. ಆ ಕೋಣೇಲಿ ನಡುಗಿದ್ದು ಅದೇ ಅಲ್ವಾ?"

ನನಗೆ ಸಿಟ್ಟು ಬಂತು. "ಹಂಗಾದ್ರೆ ಸಾಯ್ಲಿ ಬಿಡು."

ಮಾರನೆಯ ದಿನ ನೋಡಿದರೆ ಉಬಾಲ್ದಿನಾ ಅವನ ಹಾಸಿಗೆಯ ಕುರಿಚರ್ಮಗಳನ್ನು ಅಂಗಳದಲ್ಲಿ ಕೊಡವುತ್ತಿದ್ದಳು. ಬಡಿಯುತ್ತಿದ್ದಳು ಎನ್ನಬೇಕು, ಅಷ್ಟು ವರ್ಷಗಳ ಸಿಟ್ಟೆಲ್ಲ ಅವುಗಳ ಮೇಲೆ. ಆಮೇಲೆ ಒಳಗೆ ಒಯ್ದು ತನ್ನ ಮಂಚದ ಮೇಲೆ, ಗೋಡೆಯ ಕಡೆಗೆ ಹಾಸಿ, ಒಲೆಯಲ್ಲಿ ಕಾಯಿಸಿದ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಳು. ನಾವಿಬ್ಬರೂ ಮೆಲಿಟೋನ್‌ನನ್ನು ಎತ್ತಿ ತಂದು ಅಲ್ಲಿ ಮಲಗಿಸಿದೆವು. ಹಗುರಾಗಿದ್ದ ಪಾಪ.

ಆ ಸಂಜೆ ಹೊಳೆಯ ದಂಡೆಯಲ್ಲಿ ಅವಳು ಗಂಟಲೆತ್ತಿ ಕೂಗಿದಳು. ದನ ಹೊಡೆದುಕೊಂಡು ಬರುತ್ತಿದ್ದವರೂ ನಿಂತು ಕೇಳಿದರು.

"ಹಾಸಿಗೆ ಬೆಚ್ಚಗಿದೆ, ಮೆಲಿಟೋನ್. ನನ್ನ ಪಕ್ಕ ಜಾಗ ಇದೆ. ಬಾರೋ!"

ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ಬೆಳಿಗ್ಗೆ ಮೆಲಿಟೋನ್ ಸಾರು ಕೇಳಿದ. ಉಪ್ಪು ಕಮ್ಮಿ ಎಂದೂ ಅಂದ. ಜೀವ ಬಂತೋ, ಬಿಸಿ ಕಲ್ಲು ಬದುಕಿಸಿತೋ, ನಾನು ಹೇಳಲಾರೆ.

ನಡೆದಾಡುವಷ್ಟು ಚೇತರಿಸಿಕೊಂಡ ದಿನ ಅವನು ಯಾರೂ ಹೇಳದೆಯೇ ಕುರಿಚರ್ಮಗಳನ್ನು ಸುತ್ತಿಕೊಂಡು ಆಲೂಗಡ್ಡೆಯ ಕೋಣೆಗೆ ಹೊರಟ. ಉಬಾಲ್ದಿನಾ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ ಹೊರಟೆ? ಊರಿಗೆಲ್ಲ ಕೇಳೋ ಹಾಗೆ ಕೂಗಿದ್ದೀನಿ. ಈಗ ನನ್ನನ್ನ ಸುಳ್ಳುಗಾತಿ ಮಾಡ್ತೀಯಾ?"

ಮೆಲಿಟೋನ್ ಒಳಗೆ ಹೋಗಿ ಕುರಿಚರ್ಮಗಳನ್ನು ಮತ್ತೆ ಗೋಡೆಯ ಕಡೆಗೆ ಹಾಸಿದ.