ಎರ್ಮೆಲಿಂಡಾಳ ಕಲ್ಲು, ಸತುರ್ನಿನಾಳ ಚಾಕು

ಅರೆಕಿಪಾ ಪಟ್ಟಣದ ನಮ್ಮ ಬೀದಿಯಲ್ಲಿ ಹಳೆಯ ಊಟದ ಮನೆಯೊಂದಿದೆ. ಹೊಗೆ ಕುಡಿದ ಬಿಳಿಕಲ್ಲಿನ ಗೋಡೆ, ಉದ್ದನೆಯ ಬೆಂಚು. ಒಳಗೆ ಎರ್ಮೆಲಿಂಡಾ ರುಬ್ಬುಕಲ್ಲಿನ ಮುಂದೆ ಕೂರುತ್ತಾಳೆ. ತಂಗಿ ಸತುರ್ನಿನಾ ಪಕ್ಕದಲ್ಲಿ ರೊಕೊಟೊ ಮೆಣಸು ಹೆಚ್ಚಿಕೊಡುತ್ತಾಳೆ. ರೊಕೊಟೊ ನೋಡಲು ಟೊಮೆಟೊ, ಕಚ್ಚಿದರೆ ಕೆಂಡ.

ಎರ್ಮೆಲಿಂಡಾ ಮದುವೆಯಾಗಲಿಲ್ಲ. ಆ ಕಲ್ಲೇ ಅವಳ ಸಂಸಾರ. ವಯಸ್ಸಾದಂತೆ ಅವಳ ನಾಲಗೆ ಮೊಂಡಾಯಿತು. ಅದು ಅವಳಿಗೇ ತಿಳಿಯಲಿಲ್ಲ. ಚಟ್ನಿ ಸಪ್ಪೆಯೆಂದು ದಿನದಿನಕ್ಕೆ ಮೆಣಸು ಹೆಚ್ಚಿಸುತ್ತ ಹೋದಳು. ಹೊರಗೆ ಜನ ಮೂಗೆಳೆಯುವುದು, ಕೆಮ್ಮುವುದು, ಜೋಳದ ಹೆಂಡ ಚಿಚಾ ಇನ್ನಷ್ಟು ಬೇಕೆಂದು ಲೋಟ ಕುಟ್ಟುವುದು ಕೇಳಿದರೆ ಅವಳ ಮುಖ ಅರಳುತ್ತಿತ್ತು. ಅವಳಿಗೆ ಬೇರೆ ಹೊಗಳಿಕೆ ಬೇಕಿರಲಿಲ್ಲ.

ಒಂದು ಮಧ್ಯಾಹ್ನ ಚಮ್ಮಾರ ನಿಕಾಸಿಯೊಗೆ ಉಸಿರು ಕಟ್ಟಿತು. ಸದಾ "ಇಷ್ಟೇನಾ ತಾಯೀ ನಿನ್ನ ಖಾರ?" ಎಂದು ಕೆಣಕುತ್ತಿದ್ದವನನ್ನು ಇಬ್ಬರು ಹಿಡಿದು ಅಂಗಳಕ್ಕೆ ಕರೆದೊಯ್ದರು.

"ಏನಾಯ್ತಂತೆ ಆ ಶೂರನಿಗೆ?" ಎರ್ಮೆಲಿಂಡಾ ಒಳಗಿನಿಂದಲೇ ನಕ್ಕಳು.

ಸತುರ್ನಿನಾಗೆ ನಗು ಬರಲಿಲ್ಲ. ಖಾರ ಮಿತಿಮೀರಿದೆಯೆಂದು ಅಕ್ಕನಿಗೆ ಹೇಳಲು ಬಾಯಿಯೂ ಬರಲಿಲ್ಲ. ಮರುದಿನದಿಂದ ಅಕ್ಕ ಏಳುವ ಮೊದಲೇ ರೊಕೊಟೊ ಸೀಳಿ, ಕಪ್ಪು ಬೀಜದ ಜೊತೆ ಒಳಗಿನ ಬಿಳಿ ನಾರನ್ನೂ ಕೆರೆದು, ಉಪ್ಪುನೀರಿನಲ್ಲಿ ಉಜ್ಜಿ ತೊಳೆದಿಡತೊಡಗಿದಳು. ಖಾರವೆಲ್ಲ ಬಚ್ಚಲಿಗೆ ಹೋಯಿತು.

ಜನ ನೆಮ್ಮದಿಯಾಗಿ ಉಂಡರು. ಲೋಟ ಕುಟ್ಟುವ ಸದ್ದು ನಿಂತಿತು.

ಎರ್ಮೆಲಿಂಡಾ ರುಬ್ಬುತ್ತ ರುಬ್ಬುತ್ತ ಕೈ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಆಮೇಲೆ ಇನ್ನೊಂದು ಹಿಡಿ ಮೆಣಸು. ಆದರೂ ಮೌನ. ಅಕ್ಕನ ಆ ಬಾಗಿದ ಕತ್ತನ್ನು ನೋಡಲಾರದೆ ಸತುರ್ನಿನಾ ಒಲೆಯ ಕಡೆ ತಿರುಗುತ್ತಿದ್ದಳು. ರಾತ್ರಿ ಬೆರಳು ಉರಿಯುತ್ತಿದ್ದವು. ಎಣ್ಣೆ ಹಚ್ಚಿಕೊಳ್ಳುತ್ತಿರಲಿಲ್ಲ, ಉರಿಯಲಿ ಎಂದು ಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಎರ್ಮೆಲಿಂಡಾ ಕಲ್ಲಿನ ಮುಂದೆ ಕೂರಲಿಲ್ಲ. ಮೂಲೆಯ ಮಣೆಯ ಮೇಲೆ ಆಲೂಗಡ್ಡೆ ಸುಲಿಯುತ್ತಿದ್ದಳು.

"ಇನ್ಮೇಲೆ ನೀನೇ ಕೂತ್ಕೊಳ್ಳೇ. ನನ್ನ ಕೈಗುಣ ಹೋಯ್ತು."

"ಹಾಗನ್ಬೇಡ ಅಕ್ಕಾ."

"ಅನ್ನದೆ ಏನು? ಆ ನಿಕಾಸಿಯೊ ಕೂಡ ಮಗು ಥರ ಉಂಡು ಎದ್ದು ಹೋಗ್ತಾನೆ."

ಸತುರ್ನಿನಾ ಚಾಕು ಕೆಳಗಿಟ್ಟಳು. "ಕೈಗುಣ ಎಲ್ಲೂ ಹೋಗಿಲ್ಲ. ನಾರು ನಾನೇ ಕೆರೆದು ಬಿಸಾಕ್ತಿದ್ದೆ. ಅವತ್ತು ಅವನು ಸತ್ತೇ ಹೋಗ್ತಾನೆ ಅನ್ನಿಸ್ತು. ನಿನಗೆ ಖಾರ ಗೊತ್ತಾಗ್ತಿಲ್ಲ ಅಕ್ಕಾ."

ಆಲೂಗಡ್ಡೆಯ ಸಿಪ್ಪೆ ಎರ್ಮೆಲಿಂಡಾಳ ಮಡಿಲಿಗೆ ಬಿತ್ತು.

"ಇಷ್ಟು ದಿನ ನನ್ನ ಪಕ್ಕದಲ್ಲೇ ಕೂತು ಕೆರೀತಿದ್ದೆಯಾ?"

"ಇಲ್ಲ. ನೀನು ಏಳೋಕೆ ಮುಂಚೆ."

"ಕಳ್ಳಿ." ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಸತುರ್ನಿನಾಗೆ ಹೆಚ್ಚು ನೋವಾಯಿತು.

ಎರ್ಮೆಲಿಂಡಾ ಲಂಗಕ್ಕೆ ಕೈ ಒರೆಸಿಕೊಂಡು ಎದ್ದಳು. ಕಲ್ಲಿನ ಮುಂದೆ ಕೂತು ಗುಂಡನ್ನು ಮೆಲ್ಲಗೆ ಅತ್ತಿತ್ತ ತೂಗಿದಳು.

"ಸರಿ. ಕೈ ನನ್ನದು, ನಾಲಗೆ ನಿನ್ನದು. ಪ್ರತಿ ಸಲ ನೀನೇ ನೆಕ್ಕಿ ನೋಡ್ಬೇಕು. ಸುಳ್ಳು ಹೇಳ್ಬಾರ್ದು."

ಸತುರ್ನಿನಾ ತಲೆಯಾಡಿಸಿದಳು. ತೊಳೆದಿಟ್ಟ ಮೆಣಸಿನ ಬಟ್ಟಲು ಅವಳ ಕೈಯಲ್ಲೇ ಉಳಿದಿತ್ತು.

ಎರ್ಮೆಲಿಂಡಾ ಬುಟ್ಟಿಯಿಂದ ಇಡಿಯ ರೊಕೊಟೊ ಒಂದನ್ನು ಆರಿಸಿ, ತಂಗಿಯ ಮುಖ ನೋಡದೆಯೇ ಮುಂದೆ ಹಿಡಿದಳು.

"ಇದೊಂದರ ನಾರು ಬಿಡು. ನಿಕಾಸಿಯೊ ಸಾಯೋದು ಬೇಡ. ಕೆಮ್ಮಲಿ."