ಮಾಸ್ತರರ ನೀರಡಿಕೆ

ಮೊನ್ನೆ ಶನಿವಾರ ಬೆಳಿಗ್ಗೆ ಜೋಳದ ಚೀಲ ಸರಿಸಿದಾಗ ಮೂಲೆಯಲ್ಲಿ ಒಂದು ಸತ್ತ ಇಲಿ ಸಿಕ್ಕಿತು. ಪಕ್ಕದ ಮನೆಯ ಸೊಸೆ ಅದರ ಬಾಲ ಹಿಡಿದೆತ್ತಿ, ನಗುತ್ತ ತಿಪ್ಪೆಗೆ ಎಸೆದು ಬಂದಳು. ಅಷ್ಟರಲ್ಲಿ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡಿದ್ದೆ. ಇಷ್ಟು ವರ್ಷ ಮಕ್ಕಳಿಗೆ ಧೈರ್ಯದ ಪಾಠ ಹೇಳಿದ ಅಕ್ಕೋರ ಶೌರ್ಯ ಎಷ್ಟೆಂದು ಈಗ ಮೂಡಲಗಿಗೆಲ್ಲ ಗೊತ್ತಾಗಿರಬೇಕು.

ನಮ್ಮ ಕಾಲದವರಿಗೆ ಸತ್ತ ಇಲಿ ಎಂದರೆ ಪ್ಲೇಗು. ಇಲಿ ಬಿದ್ದಿತೆಂದರೆ ಊರಿಗೆ ಊರೇ ಗಂಟುಮೂಟೆ ಕಟ್ಟಿ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ನನಗಂತೂ ಪ್ಲೇಗು ಎಂದರೆ ಸುವಾರ್ತಪ್ಪ ಮಾಸ್ತರರು. ಅವರ ನೆನಪಾದಾಗಲೆಲ್ಲ ಕೈ ಮುಗಿಯಬೇಕೋ ಹಲ್ಲು ಕಡಿಯಬೇಕೋ ತಿಳಿಯದೆ ಅರ್ಧ ಆಯುಷ್ಯ ಕಳೆದಿದ್ದೇನೆ.

ಹುಕ್ಕೇರಿಯ ನಮ್ಮ ಚಿಕ್ಕ ಕ್ರೈಸ್ತ ಸಭೆಗೆ ಅವರೇ ಉಪದೇಶಿ, ಸಭೆಯ ಶಾಲೆಗೆ ಅವರೇ ಮಾಸ್ತರರು. ನಾನು ಇಪ್ಪತ್ತರ ಹುಡುಗಿ, ಅವರ ಕೈಕೆಳಗೆ ಸಣ್ಣ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ತಂದೆತಾಯಿ ಇಲ್ಲದ ನನ್ನನ್ನು ಸಾಕಿದವಳು ಚಿಗವ್ವ, ನನ್ನ ತಾಯಿಯ ತಂಗಿ. ಆ ವರ್ಷ ಅವಳ ಬಗಲಲ್ಲಿ ಗಡ್ಡೆ ಎದ್ದಿತು. ನಾನೇನು ಮಾಡಿದೆ? ಓಡಿದೆ. "ಔಷಧಾ ತರ್ತೇನಿ" ಎಂದು ಅವಳಿಗೆ ಸುಳ್ಳು ಹೇಳಿ, ಬಾಗಿಲು ಎಳೆದುಕೊಂಡು, ನೆರೆಯವರ ಗಾಡಿ ಹತ್ತಿಬಿಟ್ಟೆ.

ಮಾಸ್ತರರು ಊರು ಬಿಡಲಿಲ್ಲ. ಮೂರು ದಿನ ಚಿಗವ್ವನಿಗೆ ಗಂಜಿ ಕುಡಿಸಿದರು, ಮೈ ಒರೆಸಿದರು, ಕಡೆಗೆ ತಾವೇ ಕುಣಿ ತೋಡಿ ಮಣ್ಣು ಮಾಡಿದರು. ಅವಳೊಬ್ಬಳೇ ಅಲ್ಲ, ಯಾರೂ ಮುಟ್ಟದ ಹೆಣಗಳನ್ನು ಯಾವ ಕೇರಿಯದೆಂದು ಕೇಳದೆ ಹೊತ್ತರು. ಊರ ಹೊರಗಿನ ಕೇರಿಯಿಂದ ನಮ್ಮ ಸಭೆಗೆ ಬಂದಿದ್ದ ಯೋಹಾನನ ತಂದೆಯನ್ನು ಹೊತ್ತವರೂ ಅವರೇ. ನಾನು ತಿರುಗಿ ಬಂದು ತಲೆ ತಗ್ಗಿಸಿ ನಿಂತಾಗ, "ನಿನ್ನ ಚಿಗವ್ವ ಕಡೀತನಕಾ ನಿನ್ನ ಹೆಸರ ತಗೊಂಡ ಪ್ರಾರ್ಥನಿ ಮಾಡಿದ್ಲು ತಂಗಿ. ಸಾಲಿ ಬೀಗ ತಗಿ, ಹುಡುಗೂರು ಬರ್ತಾವ" ಎಂದರು. ಬೈಗುಳವಿಲ್ಲ, ಉಪದೇಶವಿಲ್ಲ.

ಅಂದಿನಿಂದ ಅವರು ನನ್ನ ಪಾಲಿಗೆ ಮನುಷ್ಯರಾಗಿ ಉಳಿಯಲಿಲ್ಲ. ಅವರ ಹಾಗೆ ನಡೆಯಲು ಕಲಿತೆ, ಪಾಠದ ನಡುವೆ ಅವರ ಹಾಗೆಯೇ ಕೆಮ್ಮಲೂ ಕಲಿತೆ. ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿದರೆ ಯೇಸುಸ್ವಾಮಿಗೂ ಮಾಸ್ತರರ ಮೀಸೆಯೇ ಇರುತ್ತಿತ್ತು.

ಐದಾರು ವರ್ಷಗಳ ಮೇಲೆ ಅವರ ಒಬ್ಬಳೇ ಮಗಳು ಕೃಪಾ, ಯೋಹಾನನನ್ನು ಮದುವೆಯಾಗುತ್ತೇನೆಂದಳು. ಅವನನ್ನು ಓದಿಸಿದವರೇ ಮಾಸ್ತರರು. ಆಗವನು ಬೆಲ್ಲದ ಬಾಗೇವಾಡಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದ. ಕುಣಿಯುವುದೊಂದು ಬಾಕಿ ಎಂಬಂತೆ ಸುದ್ದಿ ಹೇಳಲು ನಾನೇ ಓಡಿದೆ. ಕೇಳುತ್ತಲೇ ಮಾಸ್ತರರ ಮುಖ ಕಲ್ಲಾಯಿತು. ಅವರ ಅಜ್ಜ ದೊಡ್ಡ ಒಕ್ಕಲು ಮನೆತನದಿಂದ ಕ್ರೈಸ್ತರಾದವರು. ಅದು ಅವರಿಗಿನ್ನೂ ನೆನಪಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

"ಅವರಪ್ಪನ ಹೆಣಾ ನೀವ ಹೊತ್ತಿರಲ್ರಿ!" ಎಂದೆ.

"ಹೆಣಕ್ಕ ಹೆಗಲ ಕೊಡೂದು ಬ್ಯಾರೆ, ಮನಿ ಹೆಣ್ಣ ಕೊಡೂದು ಬ್ಯಾರೆ" ಎಂದರು.

ನೀವೇ ಹೇಳಿ, ಇಂಥವರನ್ನು ಏನು ಮಾಡಬೇಕು? ವಾದಿಸಿದೆ, ಅತ್ತೆ, ಅವರು ಭಾನುವಾರ ಆಡುತ್ತಿದ್ದ ಮಾತುಗಳನ್ನು ಅವರಿಗೇ ಒಪ್ಪಿಸಿದೆ. ನಡುವೆ ನನ್ನ ಉಚ್ಚಾರ ತಿದ್ದಿದರು, ಅಷ್ಟೇ. ಮದುವೆ ಗೋಕಾಕದಲ್ಲಿ ನಡೆಯಿತು. ತಾಯಿಯಿಲ್ಲದ ಕೃಪಾಳ ಪಕ್ಕದಲ್ಲಿ ನಾನು ನಿಂತೆ. ತಂದೆ ಬರಲಿಲ್ಲ.

ಎರಡು ವರ್ಷಕ್ಕೆ ಕೃಪಾಗೆ ಮಗಳು ಹುಟ್ಟಿದಳು. "ನಡಿ ತಂಗಿ, ಕೂಸಿನ್ನ ನೋಡ್ಕೊಂಡ ಬರೂಣು" ಎಂದು ಮಾಸ್ತರರು ತಾವಾಗಿಯೇ ಹೊರಟರು. ಬೇಸಿಗೆಯ ಬಿಸಿಲಲ್ಲಿ ಬಾಗೇವಾಡಿಯವರೆಗೆ ಇಬ್ಬರೂ ನಡೆದೆವು. ಅಂತೂ ಗೆದ್ದೆ ಎಂದುಕೊಂಡೆ. ಅವರು ಒಳಗೆ ಬರಲೊಲ್ಲದೆ ಹೊರಗಿನ ಕಟ್ಟೆಯ ಮೇಲೆ ಕೂತರು. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಗಳಗಳ ಅತ್ತರು. ಯೋಹಾನ ತಂಬಿಗೆಯಲ್ಲಿ ನೀರು ತಂದು ಮುಂದೆ ಹಿಡಿದ.

"ನೀರಡಿಕಿ ಇಲ್ಲಪಾ" ಎಂದರು. ತುಟಿಗಳು ಒಡೆದಿದ್ದವು. ಕೃಪಾ ತಂದಾಗಲೂ ಅದೇ ಮಾತು. ನಾನು ಆ ತಂಬಿಗೆ ಕಸಿದುಕೊಂಡು ಗಟಗಟನೆ ಕುಡಿದು ಅವರ ಮುಂದೆಯೇ ಕುಕ್ಕಿದೆ.

ತಿರುಗಿ ಬರುವಾಗ ದಾರಿಯಲ್ಲೊಂದು ಹಳ್ಳ ಸಿಕ್ಕಿತು. ದನಗಳು ಇಳಿದು ರಾಡಿ ಮಾಡಿದ ನೀರು. ಮಾಸ್ತರರು ಮೊಣಕಾಲೂರಿ ಬೊಗಸೆ ಬೊಗಸೆ ಕುಡಿದರು.

"ದನಾ ತುಳದ ನೀರ ನಡೀತೈತಿ, ಅಳಿಯಾನ ಮನಿ ನೀರ ನಡಿಯೂದಿಲ್ಲೇನ್ರಿ?" ಎಂದು ಕೂಗಾಡಿದೆ.

ಅವರು ಒದ್ದೆ ಕೈ ನೋಡಿಕೊಂಡರು. "ಪ್ಲೇಗಿನ್ಯಾಗ ಒಮ್ಮಿನೂ ಈ ಕೈ ಹಿಂದ ಸರದಿಲ್ಲ. ಇವತ್ತ ಮುಂದ ಬರಲಿಲ್ಲ ತಂಗಿ. ನನ್ನ ಸಲುವಾಗಿ ಪ್ರಾರ್ಥನಿ ಮಾಡು."

"ಮಾಡೂದಿಲ್ಲರಿ" ಎಂದೆ. ಮಾಡಲೂ ಇಲ್ಲ. ಮುಂದಿನ ತಿಂಗಳೇ ಮೂಡಲಗಿಯಲ್ಲಿ ಕೆಲಸ ಹಿಡಿದು ಬಂದುಬಿಟ್ಟೆ. ನಾಲ್ಕು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಆ ಮನೆಯ ನೀರನ್ನು ಅವರು ಕೊನೆಗೂ ಕುಡಿಯಲಿಲ್ಲವಂತೆ. ಹೆಣಕ್ಕೆ ಮುಂದಾಗಿ ಹೆಗಲು ಕೊಟ್ಟವನು ಯೋಹಾನ.

ಮೊನ್ನೆ ಇಲಿ ಸಿಕ್ಕ ಶನಿವಾರವೇ ಮಧ್ಯಾಹ್ನ ಯೋಹಾನ ಬಂದಿದ್ದ. ಅವನ ತಲೆಯೂ ಈಗ ನರೆತಿದೆ. ಚಹಾ ಕುಡಿಯುತ್ತ ಮಾತು ಅವನ ಮಾವನ ಕಡೆ ಹೊರಳಿತು. ಅಂಥ ಮನುಷ್ಯ ಹೀಗೆ ಮಾಡಬಹುದಿತ್ತೇ ಎಂದು ನಾನು ಎಂದಿನಂತೆ ಶುರು ಮಾಡಿದೆ. ಅವನು ಬೇಸರದಿಂದ ಬಸಿ ಕೆಳಗಿಟ್ಟ.

"ಅಕ್ಕೋರ, ಅಪಮಾನ ಆಗಿದ್ದು ನನಗ. ನಾ ಅವರಿಗೆ ಎಂದೋ ಕ್ಷಮಾ ಮಾಡೇನಿ. ನೀವ್ಯಾಕ ಇನ್ನೂ ಹಿಡ್ಕೊಂಡ ಕುಂತೀರಿ?"

ಉತ್ತರ ಹೊಳೆದದ್ದು ಅವನು ಹೋದ ಮೇಲೆ. ನನ್ನ ಸಿಟ್ಟು ಅವನ ಸಲುವಾಗಿ ಮಾತ್ರ ಇರಲಿಲ್ಲ. ನಾನು ಓಡಿಹೋದದ್ದನ್ನು ಮರೆಸುವಷ್ಟು ದೊಡ್ಡವರೊಬ್ಬರು ನನಗೆ ಬೇಕಾಗಿದ್ದರು. ಅವರು ನೋಡಿದರೆ ನನ್ನ ಹಾಗೆಯೇ ಒಂದು ಕಡೆ ಸೋತುಬಿಟ್ಟರು. ರೋಗಿಯ ಮನೆಯಲ್ಲಿ ನಿಲ್ಲುವುದು ನನ್ನಿಂದಾಗಲಿಲ್ಲ, ಅಳಿಯನ ಹೊಸ್ತಿಲು ದಾಟುವುದು ಅವರಿಂದಾಗಲಿಲ್ಲ. ಓಡಿಹೋಗಿ ಬಂದ ನನ್ನನ್ನು ಅವರು ಒಂದು ಮಾತೂ ಅನ್ನದೆ ಮತ್ತೆ ಶಾಲೆಗೆ ಸೇರಿಸಿಕೊಂಡಿದ್ದರು. ಬಾಯಿ ಬಿಟ್ಟು ಕೇಳಿದರೂ ನಾನು ಅವರಿಗೆ ಒಂದು ಪ್ರಾರ್ಥನೆ ಕೊಡಲಿಲ್ಲ. ಕ್ಷಮಿಸುವ ಸ್ವಾಮಿಯ ಶಿಷ್ಯೆ ನಾನು!

ಸತ್ತವರಿಗಾಗಿ ಪ್ರಾರ್ಥಿಸುವುದು ನಮ್ಮ ಸಭೆಯ ಪದ್ಧತಿಯಲ್ಲ. ಆದರೂ ನಿನ್ನೆ ಭಾನುವಾರ, ಎಲ್ಲರೂ ತಮ್ಮ ತಮ್ಮ ತಪ್ಪು ಒಪ್ಪಿಕೊಳ್ಳುವ ಹೊತ್ತಿನಲ್ಲಿ, ನನ್ನ ಹೆಸರಿನ ಜೊತೆಗೆ ಸುವಾರ್ತಪ್ಪ ಮಾಸ್ತರರ ಹೆಸರನ್ನೂ ಹೇಳಿಬಿಟ್ಟೆ. ಆ ನೀರಿನ ಮಾತಿಗೆ ಈಗಲೂ ಹೊಟ್ಟೆ ಉರಿಯುತ್ತದೆ, ಉರಿಯಲಿ. ದನಿ ತುಸು ಜೋರಾಯಿತೋ ಏನೋ, ಪಾದ್ರಿಗಳು ಕಣ್ಣು ತೆರೆದು ನನ್ನ ಕಡೆ ನೋಡಿದರು. ನಾನು ತೆರೆಯಲಿಲ್ಲ.