ಒಣಗಣ್ಣಿನ ಹಿಂದೆ ಮುಚ್ಚಿಟ್ಟದ್ದು

ಮೊದಲು ಹೊಲಿಗೆ ಡೊಂಕಾಯಿತು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದು ನನ್ನ ಕೆಲಸ. ಮುಂಬೈಯ ಮಲಾಡಿನ ನಮ್ಮ ಬಿಲ್ಡಿಂಗಿನಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಸೀರೆ ತಂದು ನನಗೇ ಕೊಡುತ್ತಾರೆ. ಆ ದಿನ ಹಾಕಿದ ಸಾಲು ನಡುವೆ ಬಾಗಿದಂತೆ ಕಂಡಿತು. ಬಿಚ್ಚಿ ಮತ್ತೆ ಹಾಕಿದೆ. ಮತ್ತೂ ಡೊಂಕು. ಸೊಸೆ ಸುನೀತಾ ನೋಡಿ, ಸಾಲು ನೆಟ್ಟಗೇ ಇದೆಯಲ್ಲ ಅಂದಳು.

ಎಲ್ಲ ಕಣ್ಣೀರಿನ ಕಾಟ ಅಂದುಕೊಂಡೆ. ಆಗ ಕಣ್ಣು ಉರಿಯುತ್ತಿತ್ತು, ಉಸುಕು ಬಿದ್ದ ಹಾಗೆ ಚುಚ್ಚುತ್ತಿತ್ತು, ಸುಮ್ಮನೆ ಕೂತರೂ ನೀರು ಸುರಿಯುತ್ತಿತ್ತು. ಸೊಸೆ ಅತ್ತೆಯನ್ನು ಅಳಿಸುತ್ತಾಳೆ ಎಂದು ನಮ್ಮ ಮಹಡಿಯ ಹೆಂಗಸರು ಮಾತಾಡಿಕೊಂಡರು. ಸುನೀತಾ ನನ್ನ ಮುಂದೆ ಬಂದು ನಿಂತಳು.

“ಅತ್ತಿ, ನೀವ ಅವರಿಗೆ ಒಂದ್ ಮಾತ್ ಹೇಳ್ರಿ. ನಾ ಏನ್ ಹೊಡದೇನೇನ್ ನಿಮ್ಮನ್ನ?”

“ಹೊಡದ್ ನೋಡು. ಆಮ್ಯಾಲ ಯಾರ್ ಅಳತಾರ ಗೊತ್ತಾಕ್ಕೇತಿ,” ಅಂದೆ.

ಮಗ ಶಿವಾನಂದ ಫೋರ್ಟ್ ಏರಿಯಾದ ಒಂದು ಆಫೀಸಿನಲ್ಲಿ ಕ್ಲಾರ್ಕ್. ರಜೆ ಹಾಕಿ ಬಾಂದ್ರಾದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಡ್ರಾಪ್ಸ್ ಹಾಕಿ ಕೂರಿಸಿದರು, ಸ್ಕ್ಯಾನ್ ಮಾಡಿದರು. ಡಾಕ್ಟರ್ ಹೆಂಗಸು, ನಾವು ಡಾಕ್ಟರ್ ಬಾಯಿ ಅನ್ನುತ್ತೇವೆ, ಅವನೊಡನೆ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಏನು ತಿಳಿಯಬೇಕು? ಕೇಳಿದ್ದಕ್ಕೆ ಅವನು, ಕಣ್ಣು ಒಣಗಿವೆ, ಡ್ರೈ ಐ ಅಂತಾರೆ, ದಿನಾ ಡ್ರಾಪ್ಸ್ ಹಾಕಬೇಕು, ಬಲಗಣ್ಣಿಗೆ ತಿಂಗಳಿಗೊಂದು ಇಂಜೆಕ್ಷನ್ ಅಂದ. ನೀರು ಸುರಿಯುವ ಕಣ್ಣು ಒಣಗುವುದು ಹೇಗೆ ಅಂದೆ. ಒಣಗಿದ್ದಕ್ಕೇ ಸುರಿಯುತ್ತದಂತೆ ಅಂದ. ಅದು ನಿಜವೇ. ಒಂದು ನಿಜ ಹೇಳಿ, ಇನ್ನೊಂದನ್ನು ಅದರ ಕೆಳಗೆ ಇಟ್ಟ.

ಕಣ್ಣಿನೊಳಗೇ ಸೂಜಿ.

ಜೋಮು ಹಿಡಿಸಿ ಚುಚ್ಚುತ್ತಾರೆ, ನೋವು ಗೊತ್ತಾಗುವುದಿಲ್ಲ. ಆದರೆ ಮೊದಲು ಕಣ್ಣಿಗೆ ಒಂದು ಕಂದು ಔಷಧ ಹಾಕಿ ತೊಳೆಯುತ್ತಾರೆ. ಒಣಗಿದ ಕಣ್ಣಿಗೆ ಅದು ಬೆಂಕಿ. ಮನೆಗೆ ಬಂದು ಎರಡು ದಿನ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ಡ್ರಾಪ್ಸ್ ಹಾಕಿದರೆ ತಂಪು, ಇಂಜೆಕ್ಷನ್ ಕೊಟ್ಟರೆ ಉರಿ. ಎರಡೂ ಒಣಗಿದ್ದಕ್ಕೇ ಮದ್ದು ಅಂದರೆ ನೀವಾದರೂ ಯಾವುದನ್ನು ಬಿಡುತ್ತೀರಿ? ಕಣ್ಣು ತಣ್ಣಗಾಯಿತು, ಇನ್ನು ಇಂಜೆಕ್ಷನ್ ಬೇಡ ಅಂದುಬಿಟ್ಟೆ. ಶಿವಾನಂದ ಗೋಗರೆದ, ಸಿಟ್ಟು ಮಾಡಿದ, ಊಟ ಬಿಟ್ಟು ಎದ್ದು ಹೋದ. ಅದು ಯಾತಕ್ಕೆ ಕೊಡುತ್ತಾರೆ ಅನ್ನುವುದನ್ನು ಮಾತ್ರ ಆಗಲೂ ಹೇಳಲಿಲ್ಲ.

ಹೀಗೆ ಕೆಲವು ತಿಂಗಳು ಹೋದವು. ಒಂದು ಬೆಳಿಗ್ಗೆ ಎಡಗಣ್ಣಿಗೆ ಡ್ರಾಪ್ಸ್ ಹಾಕಿ ಮುಚ್ಚಿಕೊಂಡಿದ್ದೆ. ಬಲಗಣ್ಣು ತೆರೆದಿತ್ತು. ಸುನೀತಾ ಚಹಾ ಹಿಡಿದು ಬಂದಳು. ಹೆರಳು ಕಂಡಿತು, ಬಳೆ ಕಂಡವು, ಸೀರೆಯ ಅಂಚು ಕಂಡಿತು.

ಮುಖ ಇರಲಿಲ್ಲ.

ಮುಖ ಇರಬೇಕಾದಲ್ಲಿ ಮಸಿ ಒರೆಸಿದ ಹಾಗೆ ಕಪ್ಪು. ಇಷ್ಟು ದಿನ ಎಡಗಣ್ಣು ಬಲಗಣ್ಣಿನ ಕೆಲಸವನ್ನೂ ಮಾಡಿ, ನನಗೆ ಸುಳಿವು ಕೊಡದೆ ನಡೆಸಿತ್ತು.

ಅವತ್ತೇ ಮಗ, ಸೊಸೆ ಇಬ್ಬರೂ ಆಸ್ಪತ್ರೆಗೆ ಬಂದರು. ಡಾಕ್ಟರ್ ಬಾಯಿ ಸ್ಕ್ಯಾನ್ ನೋಡಿ, ಯಾಕೆ ಬರಲಿಲ್ಲ ಎಂದು ಹಿಂದಿಯಲ್ಲಿ ನನ್ನನ್ನೇ ಬೈದರು. ಉರಿ ಕಡಿಮೆ ಆಗಿತ್ತು, ಅದಕ್ಕೆ ಅಂದೆ. ಅವರು ನನ್ನನ್ನು ಬಿಟ್ಟು ಮಗನನ್ನು ನೋಡಿದರು. ಇಂಜೆಕ್ಷನ್ ಉರಿಗಲ್ಲ ಆಜಿ ಅಂದರು. ಕಣ್ಣಿನ ಹಿಂದೆ ರೆಟಿನಾ ಅನ್ನುವ ಪರದೆ ಇದೆ, ಅದರ ಕೆಳಗೆ ನೀರು, ರಕ್ತ ಸೋರುತ್ತಿದೆ, ಅದನ್ನು ತಡೆಯುವುದಕ್ಕೆ. ಒಣಗಿದ್ದು ಬೇರೆ ಕಾಯಿಲೆ, ಇದು ಬೇರೆ. ಮೊದಲ ದಿನವೇ ನಿಮ್ಮ ಮಗನಿಗೆ ಹೇಳಿದ್ದೆ ಅಂದರು.

ಮನೆಗೆ ಬಂದ ಮೇಲೆ ಶಿವಾನಂದನೇ ಶುರು ಮಾಡಿದ.

“ನೀ ಹೆದರತಿ ಅಂತ ಹೇಳಲಿಲ್ಲ ಯವ್ವ.”

“ನಿಮ್ಮಪ್ಪ ಸತ್ತಾಗ ನಿನ್ನ ಬಗಲಾಗ ಇಟಗೊಂಡು ಇಟ್ಟಂಗಿ ಹೊರಾಕ ಹೋಗೇನಿ. ಆವಾಗ ಹೆದರದಾಕಿ, ಈಗ ಹೆದರತೇನೇನು?”

ಸುನೀತಾ ನಡುವೆ ಬಂದಳು. “ನಾ ಹೇಳೂಣು ಅಂದಿದ್ನಿ ಅತ್ತಿ. ಇವರ ಬ್ಯಾಡ ಅಂದ್ರು.”

“ಬಾಯಿ ನಿಂದೋ, ಅವಂದೋ?”

ಹೆದರಿದವನು ಅವನು. ಆ ಹೆದರಿಕೆಗೆ ನನ್ನ ಹೆಸರು ಇಟ್ಟ. ಹೇಳಿದ್ದರೆ ಹಲ್ಲು ಕಚ್ಚಿ ಉರಿ ತಡೆದುಕೊಂಡು ಹೋಗುತ್ತಿದ್ದೆ. ಕಣ್ಣು ನನ್ನದು, ಅದರ ಸುದ್ದಿ ಮಾತ್ರ ಅವರದು. ರೋಗದ ಮೇಲೆ ನನಗೆ ಸಿಟ್ಟಿಲ್ಲ. ಅದು ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ, ನನ್ನ ಕೈತುತ್ತು ಉಂಡದ್ದಲ್ಲ.

ಈಗ ಮತ್ತೆ ಇಂಜೆಕ್ಷನ್ ನಡೆದಿದೆ. ಉರಿಯೂ ಇದೆ, ಡ್ರಾಪ್ಸೂ ಇದೆ. ದಾರ ಪೋಣಿಸುವುದು ಸುನೀತಾ, ಹೊಲಿಯುವುದು ಎಡಗಣ್ಣಿನ ಭರವಸೆಯ ಮೇಲೆ ನಾನು. ದಿನಾ ಒಂದೊಂದೇ ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡುತ್ತೇನೆ. ಎಡಗಣ್ಣಿಗೆ ಇನ್ನೂ ನೆಟ್ಟಗಿವೆ.

ಹೋದ ಸಲ ಶಿವಾನಂದನನ್ನು ಹೊರಗೆ ಕೂರಿಸಿ, ಡಾಕ್ಟರ್ ಬಾಯಿಯ ಹತ್ತಿರ ನಾನೊಬ್ಬಳೇ ಒಳಗೆ ಹೋದೆ. ಅವರು ಕುರ್ಚಿ ಹತ್ತಿರ ಎಳೆದುಕೊಂಡು ನನಗೆ ತಿಳಿಯುವಷ್ಟು ಸಾವಕಾಶ ಹೇಳಿದರು. ಗಾಬರಿ ಬೇಡ ಅನ್ನಲಿಲ್ಲ. ಅಷ್ಟಕ್ಕೇ ಅವರ ಉಪಕಾರ ನೆನೆಯುತ್ತೇನೆ.

ಹೊರಗೆ ಬಂದಾಗ ಶಿವಾನಂದ ಎದ್ದು ನಿಂತು, ಏನಂದ್ರು ಯವ್ವ ಎಂದು ಕೇಳಿದ. ಸೋರುವುದು ಕಡಿಮೆಯಾಗಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದು ಉಳಿಯಬಹುದು, ಎಡಗಣ್ಣಿಗೂ ಬಂದರೆ ಬರಬಹುದು ಅಂದಿದ್ದಾರೆ ಅಂದೆ. ಅವನ ಮುಖ ಇಳಿಯಿತು, ಗೋಡೆ ಹಿಡಿದುಕೊಂಡ. ಹೆದರುತ್ತಾನೆ ಎಂದು ನಾನು ಒಂದು ಮಾತನ್ನೂ ಮುಚ್ಚಿಡಲಿಲ್ಲ.